ಲಸಿಕೆ ಚೀಟಿಯಲ್ಲಿ ‘ಪೋಷಕರ ಸಹಿ’ ಎಂದರೆ ಯಾರ ಸಹಿ?

ಎಲ್ಲರಿಗೂ ನಮಸ್ಕಾರ.

ಬಡ ದೇಶಗಳ ಶಾಲೆಗಳಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದ ಅನುಭವಗಳನ್ನು ಸೇರಿಸಿ, ನಮ್ಮ ಶಿಕ್ಷಕರಿಗಾಗಿ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಕೊನೆಯಲ್ಲಿ ಮನೆಗೆ ಕಳಿಸುವ ಚೀಟಿಯ ಒಂದು ಮಾದರಿ ಕೊಡಬೇಕು. ಅಲ್ಲಿ ಮೂರು ಪದ ಸತಾಯಿಸುತ್ತಿವೆ. ಗಾರ್ಡಿಯನ್, ಕನ್ಸೆಂಟ್, ಅಸೆಂಟ್. ನಿಘಂಟು ತೆಗೆದರೆ ಮೂರಕ್ಕೂ ಕನ್ನಡ ಪದ ಸಿಗುತ್ತದೆ. ಆದರೆ ಚೀಟಿ ಓದುವ ತಾಯಿಗೆ ಆ ಪದದಿಂದ ಏನು ಅರ್ಥವಾಗುತ್ತದೆ ಅನ್ನೋದು ನಿಮ್ಮಿಂದಲೇ ತಿಳಿಯಬೇಕು.

ಹಿನ್ನೆಲೆ ಎರಡು ಮಾತಿನಲ್ಲಿ. ಗರ್ಭಕಂಠದ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಸಲವೂ ಎಚ್‌ಪಿವಿ ವೈರಸ್ಸೇ ಕಾರಣ. ಅದರಲ್ಲೂ 16 ಮತ್ತು 18ನೇ ಬಗೆಗಳಿಂದಲೇ ನೂರಕ್ಕೆ 70ರಷ್ಟು ಬರುತ್ತದೆ. ಸೋಂಕು ತಗಲುವ ಮೊದಲೇ ಲಸಿಕೆ ಹಾಕಿದರೆ ಪ್ರಯೋಜನ ಜಾಸ್ತಿ. ಹಾಗಾಗಿ 9ರಿಂದ 14 ವರ್ಷದ ಹುಡುಗಿಯರಿಗೆ ಹಾಕುತ್ತಾರೆ, ಆ ವಯಸ್ಸಿನವರು ಒಟ್ಟಿಗೆ ಸಿಗುವ ಜಾಗ ಶಾಲೆ. ಭೂತಾನ್ 2010ರಲ್ಲಿ ಇಡೀ ದೇಶದಲ್ಲಿ ಶುರು ಮಾಡಿತು. ರುವಾಂಡಾ 2011ರಲ್ಲಿ ಪ್ರಾಥಮಿಕ ಶಾಲೆಯ ಆರನೇ ತರಗತಿಯ ಹುಡುಗಿಯರಿಗೆ ಹಾಕಿತು. ಆಗ ಮೂರು ಡೋಸ್ ಬೇಕಿತ್ತು. ಮೂರೂ ಹಾಕಿಸಿಕೊಂಡವರು ನೂರಕ್ಕೆ 93 ಮಂದಿ. ಶಾಲೆ ಬಿಟ್ಟವರನ್ನು, ಆ ದಿನ ಬಾರದವರನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತರು ಹುಡುಕಿ ಕರೆತಂದರು. ಈಗ ಒಂದೇ ಡೋಸ್ ಕೊಟ್ಟರೂ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಲ್ಲಿ ಹೇಳಿದೆ. ಈ ಲಸಿಕೆ ಎಲ್ಲ ಹುಡುಗಿಯರಿಗೂ ಸಿಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಹಾಗಾಗಿಯೇ ಚೀಟಿಯ ಪದಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

ಮೊದಲು ಗಾರ್ಡಿಯನ್.

ಬೆಂಗಳೂರು, ಮೈಸೂರು ಕಡೆ ಶಾಲೆಯ ಎಲ್ಲ ಚೀಟಿಗಳಲ್ಲೂ ‘ಪೋಷಕರ ಸಹಿ’ ಎಂದಿರುತ್ತದೆ. ಧಾರವಾಡ, ಕಲಬುರಗಿ ಕಡೆ ‘ಪಾಲಕರ ಸಹಿ’. ಮಂಗಳೂರು ಕಡೆ ‘ಶಿಕ್ಷಕ-ರಕ್ಷಕ ಸಂಘ’ ಇರುವುದರಿಂದ ‘ರಕ್ಷಕರು’ ಎಂಬ ಮಾತೂ ಬಳಕೆಯಲ್ಲಿದೆ. ಪೋಷಿಸುವವರು, ಪಾಲಿಸುವವರು, ರಕ್ಷಿಸುವವರು. ಮೂರೂ ಪದ ನೋಡಿಕೊಳ್ಳುವ ಕೆಲಸವನ್ನು ಹೇಳುತ್ತವೆ, ಹೆತ್ತ ಸಂಬಂಧವನ್ನು ಹೇಳುವುದಿಲ್ಲ. ದಿನನಿತ್ಯದ ಬಳಕೆಯಲ್ಲಿ ಅಪ್ಪ ಅಮ್ಮ ಎಂದೇ ಅರ್ಥ ಮಾಡಿಕೊಳ್ಳುತ್ತೇವೆ, ತೊಂದರೆ ಇಲ್ಲ. ಆದರೆ ಹಾಸ್ಟೆಲ್‌ನಲ್ಲಿರುವ ಹುಡುಗಿಗೆ? ನಮ್ಮ ಸರ್ಕಾರಿ ಕಾಗದಗಳಲ್ಲಿ ಹಾಸ್ಟೆಲ್ ವಾರ್ಡನ್‌ಗೆ ‘ನಿಲಯಪಾಲಕರು’ ಎನ್ನುತ್ತಾರೆ. ‘ಪಾಲಕರ ಸಹಿ’ ಎಂದು ಬರೆದ ಜಾಗದಲ್ಲಿ ನಿಲಯಪಾಲಕರು ಸಹಿ ಹಾಕಿದರೆ, ಪದದ ಲೆಕ್ಕದಲ್ಲಿ ತಪ್ಪು ಹುಡುಕೋದು ಕಷ್ಟ.

ಇದು ಸುಮ್ನೆ ಊಹೆ ಮಾಡಿ ಹೇಳುತ್ತಿರುವುದಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಈ ಲಸಿಕೆಯನ್ನು ಪ್ರಾಯೋಗಿಕವಾಗಿ ಹಾಕಿದರು. ಭದ್ರಾಚಲಂ ಕಡೆಯ ಬುಡಕಟ್ಟು ಮಕ್ಕಳ ಹಾಸ್ಟೆಲ್‌ಗಳೂ ಅದರಲ್ಲಿದ್ದವು. ಗುಜರಾತಿನ ವಡೋದರಾದಲ್ಲೂ ನಡೆಯಿತು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡಿದ್ದರು. ಅವರ ಸಾವಿಗೆ ಲಸಿಕೆ ಕಾರಣ ಎಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯಲ್ಲಿ ದೊಡ್ಡ ಲೋಪ ಕಂಡಿತು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯಲ್ಲಿ ಲೆಕ್ಕವೇ ಇದೆ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತು. 2,763ರ ಮೇಲೆ ಹಾಸ್ಟೆಲ್ ವಾರ್ಡನ್‌ಗಳ ಸಹಿ. ಹೆತ್ತವರಿಗೆ ಸುದ್ದಿ ಮುಟ್ಟುವ ಮೊದಲೇ ಅವರ ಪರವಾಗಿ ಬೇರೆಯವರು ಒಪ್ಪಿಬಿಟ್ಟಿದ್ದರು. ಅದಾದ ಮೇಲೆ ಈ ಲಸಿಕೆಯ ಮೇಲೆ ಬಿದ್ದ ಅನುಮಾನ ನಮ್ಮ ದೇಶದಲ್ಲಿ ಎಷ್ಟೋ ವರ್ಷ ಉಳಿಯಿತು. ನಷ್ಟ ಆದದ್ದು ಹುಡುಗಿಯರಿಗೇ ಅಲ್ವಾ?

ಹಾಗಾದರೆ ‘ಹೆತ್ತವರ ಸಹಿ’ ಎಂದು ಬರೆದರೆ ಸಾಕೇ? ಅಲ್ಲೂ ತೊಡಕಿದೆ. ರಾಯಚೂರು, ಯಾದಗಿರಿ ಕಡೆ ಅಪ್ಪ ಅಮ್ಮ ಗುಳೆ ಹೋಗಿರುತ್ತಾರೆ, ಹುಡುಗಿ ಅಜ್ಜಿ ಮನೆಯಲ್ಲಿ ಇರುತ್ತಾಳೆ. ಅಜ್ಜಿಯನ್ನು ಹೊರಗಿಡುವ ಪದ ಬಳಸಿದರೆ ಆ ಹುಡುಗಿಗೆ ಲಸಿಕೆ ತಪ್ಪುತ್ತದೆ. ಸದ್ಯಕ್ಕೆ ‘ತಾಯಿ / ತಂದೆ / ಮನೆಯಲ್ಲಿ ಸಾಕುತ್ತಿರುವ ಹಿರಿಯರು’ ಎಂದು ಬರೆದುಕೊಂಡಿದ್ದೇನೆ. ‘ಮನೆಯಲ್ಲಿ’ ಎಂಬ ಮಾತು ಇದ್ದರೆ ವಾರ್ಡನ್ ಆಗಲಿ, ಹೆಡ್‌ಮಾಸ್ಟರ್ ಆಗಲಿ ಅದರೊಳಗೆ ಬರಲಾರರು. ಇದಕ್ಕಿಂತ ಚಿಕ್ಕ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ.

ಇನ್ನು ಕನ್ಸೆಂಟ್. ಅನುಮತಿ, ಸಮ್ಮತಿ, ಒಪ್ಪಿಗೆ. ಉತ್ತರ ಕರ್ನಾಟಕದಲ್ಲಿ ಪರವಾನಗಿ ಕೂಡ ಇದೆ. ಅನುಮತಿ ಮೇಲಿನವರು ಕೆಳಗಿನವರಿಗೆ ಕೊಡುವಂಥದ್ದು. ಶಾಲೆಯಿಂದ ಬಂದ ಕಾಗದದಲ್ಲಿ ಈ ಪದ ಕಂಡರೆ, ಹೆಡ್‌ಮಾಸ್ಟರು ಆಗಲೇ ಕೊಟ್ಟಿದ್ದಾರೆ, ನಾವು ಸಹಿ ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಸಮ್ಮತಿ ಪತ್ರ ಎಂದರೆ ಜನರಿಗೆ ನೆನಪಾಗುವುದು ಆಪರೇಷನ್. ‘ಏನಾದರೂ ಆದರೆ ಆಸ್ಪತ್ರೆಯವರು ಹೊಣೆಯಲ್ಲ’ ಎಂದು ಬರೆಸಿಕೊಳ್ಳುವ ಕಾಗದ. ಮಗಳಿಗೆ ಲಸಿಕೆ ಎಂದಾಗ ಆ ಪದ ಬಂದರೆ ತಾಯಿ ಹೆದರುವುದು ಸಹಜ. ಒಪ್ಪಿಗೆ ಹಾಗಲ್ಲ. ಗಂಡು ಹೆಣ್ಣು ನೋಡಿದ ಮೇಲೂ ‘ಒಪ್ಪಿಗೆ ಆಯ್ತಾ?’ ಎಂದೇ ಕೇಳುತ್ತೇವೆ. ಬೇಡ ಎನ್ನುವ ಜಾಗ ಆ ಪದದೊಳಗೇ ಇದೆ. ನನ್ನ ಓಟು ಅದಕ್ಕೇ.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, 6ರಿಂದ 17 ವರ್ಷದ ಮಕ್ಕಳಿಗೆ ಲಸಿಕೆ ಹಾಕುವಾಗ ಒಪ್ಪಿಗೆ ಹೇಗೆ ಪಡೆಯುತ್ತಾರೆ ಎಂದು ಒಂದು ಬರಹ ತಂದಿತು. ಅದರಲ್ಲಿ ಮೂರು ದಾರಿ ಹೇಳಿದೆ. ಬರೆದು ಕೊಡುವುದು, ಬಾಯಲ್ಲಿ ಹೇಳುವುದು, ಮತ್ತೆ ಮೂರನೆಯದು: ಮೊದಲೇ ಸುದ್ದಿ ಕೊಟ್ಟ ಮೇಲೂ ಮಗುವನ್ನು ಶಾಲೆಗೆ ಕಳಿಸಿದರೆ ಒಪ್ಪಿದಂತೆ ಎಂದುಕೊಳ್ಳುವುದು. ಈ ಮೂರನೆಯದಕ್ಕೆ ಕನ್ನಡ ಹುಡುಕಬೇಕಾಗಿಯೇ ಇಲ್ಲ. ಮೌನಂ ಸಮ್ಮತಿ ಲಕ್ಷಣಂ. ಆದರೆ ಈ ಮಾತನ್ನು ಪುಸ್ತಕದಲ್ಲಿ ಬಳಸಲು ನನಗೆ ಮನಸ್ಸಿಲ್ಲ. ಚೀಟಿ ಮಗುವಿನ ಬ್ಯಾಗಿನ ತಳದಲ್ಲೇ ಉಳಿದಿದ್ದರೆ ಮನೆಯವರ ಮೌನಕ್ಕೆ ಏನರ್ಥ? ಮಗು ಶಾಲೆಗೆ ಬಂದಿದೆ ಎಂದ ಮಾತ್ರಕ್ಕೆ ಮನೆಯವರು ತಿಳಿದು ಒಪ್ಪಿದ್ದಾರೆ ಎಂದು ಹೇಳುವುದು ಕಷ್ಟ ಎಂದು ಆ ಬರಹವೇ ಒಪ್ಪಿಕೊಳ್ಳುತ್ತದೆ. ‘ಬೇಡದವರು ಮಾತ್ರ ತಿಳಿಸಿ’ ಎಂದು ನೇರವಾಗಿ ಬರೆಯುವುದು ವಾಸಿ ಅನ್ನಿಸುತ್ತದೆ.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಅಸೆಂಟ್. ಅಂದರೆ ಹುಡುಗಿಯೇ ಒಪ್ಪುವುದು. ಕಾನೂನಿನ ಲೆಕ್ಕದಲ್ಲಿ ಅವಳ ಸಹಿಗೆ ಬೆಲೆ ಇಲ್ಲದಿರಬಹುದು, ಆದರೆ ತೋಳು ಅವಳದ್ದು. ಇದಕ್ಕೂ ಸಮ್ಮತಿ ಎಂದರೆ ಮನೆಯವರ ಒಪ್ಪಿಗೆಯ ಜೊತೆ ಕಲಸಿಹೋಗುತ್ತದೆ. ಹೊಸ ನಾಮಪದ ಕಟ್ಟುವ ಬದಲು ಕ್ರಿಯಾಪದವನ್ನೇ ಬಳಸಿದರೆ ಹೇಗೆ? ಮನೆಯವರ ಸಾಲಿನಲ್ಲಿ ‘ಮಗಳಿಗೆ ಲಸಿಕೆ ಹಾಕಿಸುತ್ತೇವೆ’, ಹುಡುಗಿಯ ಸಾಲಿನಲ್ಲಿ ‘ನಾನು ಹಾಕಿಸಿಕೊಳ್ಳುತ್ತೇನೆ’. ಒಂದು ‘ಕೊಳ್ಳು’ ಸೇರಿದ ಕೂಡಲೇ ಮಾತು ಅವಳದ್ದಾಗುತ್ತದೆ. ಎರಡೂ ಸಾಲಿನ ಪಕ್ಕ ‘ಈಗ ಬೇಡ’ ಎಂಬ ಇನ್ನೊಂದು ಚೌಕ ಇರಲಿ. ಹೆದರಿದ ಹುಡುಗಿಗೆ ‘ಬೇಡ’ಕ್ಕಿಂತ ‘ಈಗ ಬೇಡ’ ಹೇಳುವುದು ಸುಲಭ, ಆಮೇಲೆ ಮನಸ್ಸು ಬದಲಾಯಿಸಲೂ ದಾರಿ ಉಳಿಯುತ್ತದೆ.

ಇನ್ನೊಂದು ಸಣ್ಣ ವಿಷಯ. ಎಚ್‌ಪಿವಿ ಎಂದರೆ ಕಿವಿಗೆ ಎಚ್‌ಐವಿ ಎಂದೇ ಬೀಳುವ ಸಾಧ್ಯತೆ ಇದೆ. ಬರೀ ‘ಗರ್ಭದ ಲಸಿಕೆ’ ಎಂದರಂತೂ ಮಕ್ಕಳಾಗದಂತೆ ಮಾಡುತ್ತಾರೆ ಎಂಬ ಗಾಳಿಮಾತು ಹುಟ್ಟುತ್ತದೆ. ಆಫ್ರಿಕಾದ ಹಲವು ದೇಶಗಳಲ್ಲಿ ಹಾಗೇ ಹುಟ್ಟಿತ್ತು. ಸ್ವಾಹಿಲಿಯಲ್ಲಿ ಈ ಕ್ಯಾನ್ಸರ್‌ಗೆ ‘ಮ್ಲಾಂಗೊ ವಾ ಕಿಜಾಜಿ’ಯ ಕ್ಯಾನ್ಸರ್ ಎನ್ನುತ್ತಾರೆ. ಗರ್ಭದ ಬಾಗಿಲು ಎಂದು ಅರ್ಥ. ನಮ್ಮಲ್ಲಿ ಕಂಠ, ಕೊರಳು ಎಂದು ಬರೆಯುತ್ತೇವೆ, ಆಡುವಾಗ ‘ಗರ್ಭಕೋಶದ ಬಾಯಿ’ ಎನ್ನುತ್ತೇವೆ. ಚೀಟಿಯಲ್ಲಿ ಆಡುಮಾತನ್ನೇ ಇಡೋಣ ಅಂತಿದ್ದೇನೆ.

ನಿಮ್ಮ ಊರಿನ ಶಾಲೆಯ ಚೀಟಿಗಳಲ್ಲಿ ಸಹಿಯ ಜಾಗದಲ್ಲಿ ಯಾವ ಪದ ಇದೆ, ಅಜ್ಜಿಯೋ ದೊಡ್ಡಮ್ಮನೋ ಅದರಲ್ಲಿ ಸಹಿ ಹಾಕಿದರೆ ಶಾಲೆಯವರು ಒಪ್ಪುತ್ತಾರಾ, ತಿಳಿಸಿ. ಕೊಡಗು ಮತ್ತು ಬೀದರ್ ಕಡೆಯವರು ಬರೆದರೆ ಇನ್ನೂ ಒಳ್ಳೆಯದು, ಆ ಎರಡು ಕಡೆಯ ಬಳಕೆ ನನ್ನ ಪಟ್ಟಿಯಲ್ಲಿ ಇಲ್ಲ.