ಬಳ್ಳಾರಿ ಬಿಸಿಲಿಗೆ ಬೀ ಬಾಮ್ ಬರುತ್ತದೆಯೇ?

ಪ್ರಶ್ನೆ, ಬಳ್ಳಾರಿಯಿಂದ:
ಬೀ ಬಾಮ್ ಎಂಬ ಘಮದ ಎಲೆಯ ಹೂಗಿಡದ ಬೀಜದ ಪೊಟ್ಟಣವೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೇನೆ. ನಮ್ಮದು ತಾರಸಿ ತೋಟ, ದಿನವಿಡೀ ಬಿಸಿಲು, ಬೋರ್‌ವೆಲ್ ನೀರು. ಯಾವಾಗ ಬಿತ್ತಬೇಕು? ಎಲೆಯನ್ನು ಚಹಾಕ್ಕೆ ಹೇಗೆ ಬಳಸುವುದು? ಬೆಳೆಸಿದವರಿದ್ದರೆ ದಯವಿಟ್ಟು ತಿಳಿಸಿ.

ರಾಯಚೂರಿನಿಂದ:
ಅಕ್ಕಾ, ಮೊದಲು ಪೊಟ್ಟಣದ ಮೇಲಿನ ಸಸ್ಯಶಾಸ್ತ್ರೀಯ ಹೆಸರನ್ನು ಓದಿ. ಮೊನಾರ್ಡಾ ಡಿಡಿಮಾ ಎಂದಿದ್ದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಅದು ಉತ್ತರ ಅಮೆರಿಕದ ತಂಪು, ತೇವದ ನೆಲದ ಬಹುವಾರ್ಷಿಕ ಗಿಡ; ನಮ್ಮ ಏಪ್ರಿಲ್ ಅದಕ್ಕೆ ಒಗ್ಗುವುದಿಲ್ಲ. ಮೊನಾರ್ಡಾ ಸಿಟ್ರಿಯೊಡೋರಾ ಎಂದಿದ್ದರೆ ಧೈರ್ಯವಾಗಿ ಬಿತ್ತಿ. ಟೆಕ್ಸಾಸ್, ಮೆಕ್ಸಿಕೊ ಕಡೆಯ ಒಣ ಬಯಲಿನ ಗಿಡ ಅದು, ಒಂದೇ ಹಂಗಾಮಿನಲ್ಲಿ ಬೆಳೆದು ಹೂಬಿಟ್ಟು ಮುಗಿಯುತ್ತದೆ. ಮೆಲಿಸ್ಸಾ ಎಂದಿದ್ದರೆ ಅದು ಬೀ ಬಾಮೇ ಅಲ್ಲ, ಲೆಮನ್ ಬಾಮ್.

ಮುಂಗಾರಿನಲ್ಲಿ ಬಿತ್ತಬೇಡಿ. ದಸರಾ ಕಳೆದು ರಾತ್ರಿ ತಂಪು ಹಿಡಿದ ಮೇಲೆ ಹಾಕಿದರೆ ಚಳಿಗಾಲವೆಲ್ಲ ಗಿಡಕ್ಕೆ ಸಿಗುತ್ತದೆ. ಬೀಜ ಸಣ್ಣದು, ಮೊಳೆಯಲು ಬೆಳಕು ಬೇಕು. ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಬರೀ ಎರೆಮಣ್ಣನ್ನು ಕುಂಡಕ್ಕೆ ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ನಾನು ಕೆಂಪು ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸುತ್ತೇನೆ. ಬೋರ್‌ವೆಲ್ ನೀರು ಸವಳಾಗಿದ್ದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಆಗ ಒಮ್ಮೆ ತಳದಿಂದ ಹರಿದುಹೋಗುವಷ್ಟು ಸಿಹಿನೀರು ಬಿಡಿ. ಯುಗಾದಿ ಹೊತ್ತಿಗೆ ಗಿಡ ಒಣಗಲು ಶುರುವಾದರೆ ಗಾಬರಿಯಾಗಬೇಡಿ, ಅದರ ಆಯುಷ್ಯವೇ ಅಷ್ಟು.

ಗಂಗಾವತಿಯಿಂದ:
ನಮ್ಮ ಸುತ್ತ ಭತ್ತದ ಗದ್ದೆ, ಗಾಳಿಯಲ್ಲಿ ತೇವ ಹೆಚ್ಚು. ಹಾಗಾಗಿ ಇಲ್ಲಿ ಇದರ ದೊಡ್ಡ ಶತ್ರು ಬೂದಿರೋಗ. ಮೆಣಸಿನ ಗಿಡದಲ್ಲಿ ನೋಡಿರುತ್ತೀರಿ, ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಇರುತ್ತದೆ. ಗಿಡದಿಂದ ಗಿಡಕ್ಕೆ ಒಂದು ಗೇಣಾದರೂ ಜಾಗ ಬಿಡಿ, ನೀರನ್ನು ಬುಡಕ್ಕೆ ಮಾತ್ರ ಹಾಕಿ, ಅದೂ ಬೆಳಿಗ್ಗೆ. ಔಷಧ ಹೊಡೆದ ಎಲೆಯನ್ನು ಚಹಾಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ರೋಗ ಬಂದ ಎಲೆಯನ್ನು ಚಿವುಟಿ ದೂರ ಎಸೆಯುತ್ತೇನೆ.

ಬಳ್ಳಾರಿಯಿಂದ ಇನ್ನೊಬ್ಬರು:
ಬೇಸರ ಮಾಡಿಕೊಳ್ಳಬೇಡಿ, ಬರೀ ಎಲೆಗಾಗಿ ಇಷ್ಟು ಒದ್ದಾಟ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇದರ ಎಲೆಯನ್ನು ಉಜ್ಜಿ ಮೂಸಿದರೆ ಬರುವ ಘಾಟು ಥೈಮಾಲ್, ಕಾರ್ವಕ್ರಾಲ್ ಎಂಬ ತೈಲಾಂಶಗಳದ್ದು. ನಿಮ್ಮ ಹಿತ್ತಲಿನ ದೊಡ್ಡಪತ್ರೆಯಲ್ಲಿ ಇರುವುದೂ ಅವೇ; ಅಜವಾನದ ವಾಸನೆಗೂ ಥೈಮಾಲೇ ಕಾರಣ. ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ನೆಟ್ಟರೆ ಚಿಗುರುತ್ತದೆ, ಬಜ್ಜಿಗೂ ಆಗುತ್ತದೆ, ಕೆಮ್ಮಿಗೂ ಆಗುತ್ತದೆ.

ಹೂವಿನ ಮಾತು ಬೇರೆ. ತುಳಸಿಯಂತೆ ಚೌಕ ಕಾಂಡ, ಅದರ ಸುತ್ತ ಒಂದರ ಮೇಲೊಂದು ಅಂತಸ್ತಾಗಿ ನೇರಳೆ ಹೂವಿನ ಚಕ್ರ. ಆದರೆ ಹೂವಿನ ಕೊಳವೆ ಆಳ. ನಮ್ಮ ಸಣ್ಣ ಕೋಲುಜೇನು ಬಂದು ಇಣುಕಿ, ಮಕರಂದ ಎಟುಕದೆ ಪಕ್ಕದ ಕಾಮಕಸ್ತೂರಿಗೆ ಹಾರಿಬಿಡುತ್ತದೆ. ನೀಲಿ ಪಟ್ಟೆಯ ಒಂಟಿ ಜೇನಿಗೆ ನಾಲಿಗೆ ಉದ್ದ. ಅದು ಝುಂಯ್ ಎಂದು ಬಂದು ಒಂದೊಂದೇ ಕೊಳವೆಯನ್ನು ಹೀರಿ ಮುಂದೆ ಹೋಗುವುದನ್ನು ನೋಡಲಿಕ್ಕೆಂದೇ ಎರಡು ಕುಂಡ ಇಟ್ಟಿದ್ದೇನೆ. ಜೇನು ಬರಲಿ ಎಂಬುದೇ ನಿಮ್ಮ ಆಸೆಯಾದರೆ ಕಾಮಕಸ್ತೂರಿಯನ್ನೂ ಜೊತೆಗೆ ಹಾಕಿ.

ಕೊಪ್ಪಳದಿಂದ:
ಚಹಾದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ! ಎಲೆಯನ್ನು ಹೂ ಬಿಡುವ ಮುಂಚೆ, ಮಂಜು ಆರಿದ ಮೇಲೆ ಬೆಳಿಗ್ಗೆಯೇ ಕೊಯ್ಯಿರಿ. ತುದಿ ಚಿವುಟಿದರೆ ಕವಲೊಡೆಯುತ್ತದೆ, ಬುಡದ ಎಲೆ ಗಿಡಕ್ಕಿರಲಿ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸುವಾಸನೆ ಹಾರಿಹೋಗುತ್ತದೆ. ಒಂದು ಲೋಟಕ್ಕೆ ಒಂದು ಚಮಚ ಒಣ ಎಲೆ ಸಾಕು; ಕುದಿನೀರು ಹೊಯ್ದು ಮುಚ್ಚಿಡಿ, ಎಲೆ ಹಾಕಿ ಕುದಿಸಿದರೆ ಕಹಿಯಾಗುತ್ತದೆ. ಹಾಲು ಬೇಡ. ಅಮೆರಿಕದ ಮೂಲನಿವಾಸಿಗಳು ಇದನ್ನು ಮೊದಲಿನಿಂದಲೂ ಕುಡಿಯುತ್ತಿದ್ದರು. 1773ರಲ್ಲಿ ಬೋಸ್ಟನ್ನಿನಲ್ಲಿ ಬ್ರಿಟಿಷರ ಚಹಾವನ್ನು ಸಮುದ್ರಕ್ಕೆ ಸುರಿದ ಮೇಲೆ ಅಲ್ಲಿನ ವಲಸಿಗರೂ ಚಹಾದ ಬದಲು ಇದನ್ನು ಕುಡಿದರು. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಕುಡಿಯುವುದು ಬೇಡ.

ಮುಂದಿನ ವರ್ಷಕ್ಕೆ ಬೀಜ ಬೇಕಿದ್ದರೆ ಒಣಗಿದ ಹೂಗೊಂಚಲನ್ನು ಕಾಗದದ ಚೀಲಕ್ಕೆ ತಲೆಕೆಳಗಾಗಿ ಇಳಿಸಿ ಕೊಡವಿ. ಪ್ಲಾಸ್ಟಿಕ್ ಬೇಡ, ಬೂಸು ಹಿಡಿಯುತ್ತದೆ.