ಕಿತ್ತೂರಿನ 'ಥ್ಯಾಕರೆ': ಈ ಹೆಸರಿನ ಮೂಲ, ಅರ್ಥ ಮತ್ತು ನಮ್ಮ ಬರವಣಿಗೆ

ಕಿತ್ತೂರು ಉತ್ಸವದ ಭಾಷಣ ಸ್ಪರ್ಧೆಗೆ ತಯಾರಾಗುತ್ತಿದ್ದ ನೆರೆಮನೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಕೈಬರಹದ ಹಾಳೆಯನ್ನು ನನಗೆ ತೋರಿಸಿ, "ಠಾಕ್ರೆ ಅಂದರೆ ಮರಾಠಿಯವರಲ್ಲವೇ? ಅವರು ಬ್ರಿಟಿಷರ ಕಲೆಕ್ಟರ್ ಹೇಗಾದರು?" ಎಂದು ಕೇಳಿದಳು. ಹಾಳೆಯಲ್ಲಿ ಐದು ಕಡೆ 'ಠಾಕ್ರೆ' ಎಂದೇ ಇತ್ತು; ಅವಳು ನೋಡಿ ಬರೆದುಕೊಂಡಿದ್ದ ಕಿರುಹೊತ್ತಗೆಯಲ್ಲಿಯೂ ಹಾಗೆಯೇ ಅಚ್ಚಾಗಿತ್ತು. ಅವಳ ಪ್ರಶ್ನೆ ನ್ಯಾಯವಾದದ್ದು. ಅಕ್ಷರವೊಂದು ಬದಲಾದದ್ದರಿಂದ ಒಬ್ಬ ಮನುಷ್ಯನ ನಾಡೇ ಬದಲಾಗಿಬಿಟ್ಟಿತ್ತು. ಆ ಪ್ರಶ್ನೆಯ ಬೆನ್ನುಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತವನು ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆ. ಅವನಿಗೆ ಗುಂಡಿಟ್ಟವನು ಅಮಟೂರು ಬಾಳಪ್ಪನೆಂದು ನಾಡು ನೆನೆಯುತ್ತದೆ. ಅಂದು ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವನು ಎಂಬುದನ್ನು ಶಾಸನಾಭ್ಯಾಸಿಗಳು ಬಲ್ಲರು. ಈ ಥ್ಯಾಕರೆಯು ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಕಾದಂಬರಿಕಾರನು ಹುಟ್ಟಿದ್ದು 1811ರಲ್ಲಿ, ಕಲಕತ್ತೆಯಲ್ಲಿ. ಇನ್ನೊಂದು ಮಾತು: 'ಸೇಂಟ್ ಜಾನ್' ಎಂಬುದು ಇಲ್ಲಿ ಬಿರುದಲ್ಲ, ಅದು ಅವನ ಹೆಸರು. ಇಂಗ್ಲಿಷರು ಈ ಹೆಸರನ್ನು ವ್ಯಕ್ತಿಗೆ ಇಟ್ಟಾಗ 'ಸಿಂಜನ್' ಎಂದು ಉಚ್ಚರಿಸುತ್ತಾರೆ. ಇದನ್ನು ಅರಿಯದೆ 'ಸಂತ ಜಾನ್ ಥ್ಯಾಕರೆ' ಎಂದು ಅನುವಾದಿಸಿದರೆ ಅನರ್ಥವಾಗುತ್ತದೆ.

ಇನ್ನು ಹೆಸರಿನ ಮೂಲ. ಇದು ಇಂಗ್ಲೆಂಡಿನಲ್ಲಿಯೂ ವಿರಳವಾದ ಅಡ್ಡಹೆಸರು, ಮತ್ತು ಊರಿನಿಂದ ಬಂದದ್ದು. ಯಾರ್ಕ್‌ಶೈರಿನಲ್ಲಿ, ಗ್ರೇಟ್ ಟಿಂಬಲ್ ಎಂಬ ಹಳ್ಳಿಯ ಬಳಿ ಥ್ಯಾಕ್ರೇ ಎಂಬ ಒಂದು ಸಣ್ಣ ನೆಲೆಯಿತ್ತು. ಲೀಡ್ಸ್ ನಗರಕ್ಕೆ ನೀರೊದಗಿಸಲೆಂದು 1870ರ ದಶಕದಲ್ಲಿ ವಾಷ್‌ಬರ್ನ್ ಕಣಿವೆಯಲ್ಲಿ ಕಟ್ಟಿದ ಫ್ಯೂಸ್ಟನ್ ಜಲಾಶಯದಲ್ಲಿ ಅದು ಮುಳುಗಿಹೋಯಿತು. ಊರು ನೀರಿನ ಅಡಿಯಲ್ಲಿದೆ, ಹೆಸರು ಮಾತ್ರ ಜನರ ಮೇಲೆ ಉಳಿದಿದೆ. ಆಲಮಟ್ಟಿಯ ಹಿನ್ನೀರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರಿನ ಹೆಸರು ಹಳೆಯ ಇಂಗ್ಲಿಷಿನದಲ್ಲ, ಹಳೆಯ ನಾರ್ಸ್ ಭಾಷೆಯದು. ಒಂಬತ್ತನೆಯ ಶತಮಾನದಲ್ಲಿ ಕಡಲು ದಾಟಿ ಬಂದ ಸ್ಕ್ಯಾಂಡಿನೇವಿಯಾದ ಜನರು 866ರಲ್ಲಿ ಯಾರ್ಕ್ ನಗರವನ್ನು ಹಿಡಿದು, ಆಮೇಲೆ ಆ ಸೀಮೆಯಲ್ಲಿಯೇ ನೆಲೆನಿಂತು ಉತ್ತವರಾದದ್ದರಿಂದ, ಅಲ್ಲಿಯ ಹೊಲ, ಹಳ್ಳ, ತಿಟ್ಟುಗಳ ಹೆಸರುಗಳಲ್ಲಿ ಅವರ ನುಡಿ ಇಂದಿಗೂ ಹಾಸುಹೊಕ್ಕಾಗಿದೆ. 'ಥಾಕ್' ಎಂದರೆ ಮಾಡಿಗೆ ಹೊದಿಸುವ ಹುಲ್ಲು ಅಥವಾ ಜೊಂಡು. 'ವ್ರಾ' ಎಂದರೆ ಮೂಲೆ, ಒತ್ತಟ್ಟಿಗಿರುವ ನೆಲದ ತುಣುಕು. ಎರಡೂ ಸೇರಿದರೆ 'ಹೊದಿಕೆಯ ಹುಲ್ಲು ಬೆಳೆಯುವ ಮೂಲೆ'. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಮಾಡಿಗೆ 'ತಾಕ್' ಎಂದೂ ಮೂಲೆಗೆ 'ವ್ರೋ' ಎಂದೂ ಹೇಳುತ್ತಾರೆ. ಕುಟುಂಬಗಳು ಒಂದೇ ಹೆಸರನ್ನು ಥ್ಯಾಕ್ರೇ, ಥ್ಯಾಕ್ರಾ, ಥ್ಯಾಕರೆ, ಥ್ಯಾಕರಾ ಎಂದು ಬೇರೆಬೇರೆಯಾಗಿ ಬರೆದುಕೊಂಡಿವೆ. ಒಂದು ವಿರಳ ಕಾಗುಣಿತದಲ್ಲಿ ನಡುವಿನ 'ವ' ಅಕ್ಷರ ಉಳಿದೇ ಇದೆ. 'ವ್ರಾ' ಎಂಬ ಮೂಲವನ್ನು ಅದು ಎತ್ತಿ ತೋರಿಸುತ್ತದೆ. ರೇ, ಡಾಕ್ರೇ ಎಂಬ ಉತ್ತರ ಇಂಗ್ಲೆಂಡಿನ ಅಡ್ಡಹೆಸರುಗಳಲ್ಲಿಯೂ ಇದೇ 'ವ್ರಾ' ಅಡಗಿದೆ.

ಈ ಅರ್ಥವನ್ನು ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳಬಹುದೇ ಎಂದು ಯೋಚಿಸಿದಾಗ ನನಗೆ ಹೊಳೆದದ್ದು 'ಮುಳಿಮೂಲೆ'. ಮಾಡಿಗೆ ಹೊದಿಸುವ ಹುಲ್ಲಿಗೆ ದಕ್ಷಿಣ ಕನ್ನಡದಲ್ಲಿ ಮುಳಿಹುಲ್ಲು ಎನ್ನುತ್ತಾರೆ. ಅಲ್ಲಿಯೂ ಕಾಸರಗೋಡಿನಲ್ಲಿಯೂ ಅಡ್ಕ, ಕಜೆ, ಗುಡ್ಡೆ, ಮೂಲೆ ಎಂದು ಕೊನೆಗೊಳ್ಳುವ ಮನೆಹೆಸರುಗಳು ಹೇರಳ, ಮತ್ತು ಅವೇ ಮನೆಯವರ ಹೆಸರಿನ ಹಿಂದೆ ಮುಂದೆ ಸೇರಿಕೊಳ್ಳುತ್ತವೆ. ನೆಲ ಹೇಗಿದೆಯೋ ಹಾಗೆ ಹೆಸರಿಡುವ ಈ ಬಗೆ ಎರಡು ಕಡೆಯೂ ಒಂದೇ.

'ಥಾಕ್' ಎಂಬ ಪದದ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಇದೇ ಮೂಲದ ಪದವು ದಕ್ಷಿಣ ಇಂಗ್ಲೆಂಡಿನ ಬಾಯಲ್ಲಿ 'ಥ್ಯಾಚ್' ಆಯಿತು, ನಾರ್ಸ್ ನೆರಳಿದ್ದ ಉತ್ತರದಲ್ಲಿ 'ಥ್ಯಾಕ್' ಆಗಿಯೇ ಉಳಿಯಿತು. ಆದ್ದರಿಂದಲೇ ಹುಲ್ಲು ಹೊದಿಸುವ ಕಸುಬಿನವನಿಗೆ ತೆಂಕಣದಲ್ಲಿ ಥ್ಯಾಚರ್, ಬಡಗಣದಲ್ಲಿ ಥ್ಯಾಕರ್ ಎಂಬ ಹೆಸರುಗಳು ನಿಂತವು. ನಮ್ಮ 'ಕಿವಿ' ತೆಲುಗಿನಲ್ಲಿ 'ಚೆವಿ', ತಮಿಳಿನಲ್ಲಿ 'ಸೆವಿ' ಆದದ್ದೂ, ಕನ್ನಡವು 'ಕ'ಕಾರವನ್ನು ಬಿಡದೆ ಕಾಪಾಡಿಕೊಂಡದ್ದೂ ಇದೇ ಜಾತಿಯ ವ್ಯತ್ಯಾಸ. ಆದರೆ ಥ್ಯಾಕರ್ ಎಂಬ ಕಸುಬಿನ ಹೆಸರಿಗೂ ಥ್ಯಾಕರೆ ಎಂಬ ಊರಿನ ಹೆಸರಿಗೂ ಮೊದಲ ಭಾಗ ಮಾತ್ರ ಸಮಾನ. ಒಂದಕ್ಕೆ ಪ್ರತ್ಯಯ ಸೇರಿ ಇನ್ನೊಂದಾಯಿತೆಂದು ತಿಳಿಯುವುದು ತಪ್ಪು.

ಇನ್ನೂ ಹಿಂದಕ್ಕೆ ಹೋದರೆ 'ಮುಚ್ಚು' ಎಂಬ ಅರ್ಥದ ಇಂಡೋ ಯುರೋಪಿಯನ್ ಧಾತು ಸಿಗುತ್ತದೆ. ಲ್ಯಾಟಿನ್ನಿನ ಮೂಲಕ ಬಂದ 'ಟೈಲ್', ಡಚ್ಚಿನಿಂದ ಬಂದ 'ಡೆಕ್' ಇದರ ಕುಡಿಗಳು. ಸಂಸ್ಕೃತದ 'ಸ್ಥಗ್' ಧಾತುವನ್ನೂ ಭಾಷಾಶಾಸ್ತ್ರಜ್ಞರು ಇದರ ಜೊತೆಗೇ ಇಡುತ್ತಾರೆ. ನಾವು 'ನಿಂತುಹೋದ' ಎಂಬ ಅರ್ಥದಲ್ಲಿ ದಿನವೂ ಬಳಸುವ 'ಸ್ಥಗಿತ' ಎಂಬ ಪದದ ಮೊದಲ ಅರ್ಥ 'ಮುಚ್ಚಲ್ಪಟ್ಟ, ಮರೆಮಾಡಲ್ಪಟ್ಟ' ಎಂಬುದು. ಯಾರ್ಕ್‌ಶೈರಿನ ಜೊಂಡಿನ ಮಾಡಿಗೂ ನಮ್ಮ ಸುದ್ದಿಪತ್ರಿಕೆಗಳಲ್ಲಿ ಸ್ಥಗಿತವಾಗುವ ಕಾಮಗಾರಿಗೂ ಹೀಗೊಂದು ನಂಟಿರುವುದು ನನಗೆ ನಿಜವಾಗಿಯೂ ಸಂತೋಷ ಕೊಟ್ಟ ಸಂಗತಿ.

ಹೆಸರಿನ ಹರವಿನ ಬಗ್ಗೆ ಹೇಳುವುದಾದರೆ, 'ಥ್ಯಾಕ್ರೇ' ಎಂಬ ರೂಪವೇ ಹೆಚ್ಚು ಬಳಕೆಯಲ್ಲಿರುವುದು, ಅದೂ ಮುಖ್ಯವಾಗಿ ಲೀಡ್ಸ್, ಹ್ಯಾರೊಗೇಟ್ ಸುತ್ತಿನಲ್ಲಿ. ಕಾದಂಬರಿಕಾರನ ಪೂರ್ವಜರೂ ಆ ಸೀಮೆಯ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿಯವರು. ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ 1831ರಲ್ಲಿಯೇ ಬರೆದ ಲೀಡ್ಸಿನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾನ ಹೆಸರೂ ಇದೇ. ಜಗತ್ತಿಗೆ ಪರಿಚಿತವಾದ 'ಥ್ಯಾಕರೆ' ಎಂಬ ಕಾಗುಣಿತ ಮಾತ್ರ ಕಡಿಮೆ ಮನೆಗಳದು. ಅದು ಪ್ರಸಿದ್ಧವಾದದ್ದು ಆ ಒಬ್ಬ ಬರಹಗಾರನಿಂದ.

ಹುಡುಗಿಯ ಗೊಂದಲದ ಬೇರು ಇರುವುದೂ ಅಲ್ಲಿಯೇ. ಮಹಾರಾಷ್ಟ್ರದ ಸಮಾಜ ಸುಧಾರಕ, 'ಪ್ರಬೋಧನಕಾರ' ಎಂದು ಹೆಸರಾದ ಕೇಶವ ಸೀತಾರಾಮ ಠಾಕ್ರೆಯವರು ಆ ಕಾದಂಬರಿಕಾರನ ಮೇಲಿನ ಮೆಚ್ಚುಗೆಯಿಂದ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅವನ ಕಾಗುಣಿತದಂತೆಯೇ ಬರೆಯತೊಡಗಿದರು. ಹೀಗಾಗಿ ರೋಮನ್ ಲಿಪಿಯಲ್ಲಿ ಎರಡೂ ಹೆಸರುಗಳು ಅಕ್ಷರಕ್ಕೆ ಅಕ್ಷರ ಒಂದೇ ಆದವು, ಮೂಲದಲ್ಲಿ ಮಾತ್ರ ಅವುಗಳಿಗೆ ಯಾವ ಸಂಬಂಧವೂ ಇಲ್ಲ. ಇಂಗ್ಲಿಷ್ ಓದಿ ಕನ್ನಡಕ್ಕೆ ಇಳಿಸುವವರು ಪತ್ರಿಕೆಗಳಲ್ಲಿ ಕಂಡ 'ಠಾಕ್ರೆ'ಯನ್ನೇ ಕಿತ್ತೂರಿಗೂ ಎಳೆದು ತಂದಿದ್ದಾರೆ.

ನನ್ನ ಅಭಿಪ್ರಾಯ ಸ್ಪಷ್ಟ. ಈ ಎರಡು ಹೆಸರುಗಳನ್ನು ಬೇರೆಬೇರೆಯಾಗಿ ತೋರಿಸುವ ಅನುಕೂಲ ರೋಮನ್ ಲಿಪಿಗೆ ಇಲ್ಲ, ನಮ್ಮ ಲಿಪಿಗೆ ಇದೆ. ಇರುವಾಗ ಅದನ್ನು ಕೈಬಿಡಬಾರದು. ಇಂಗ್ಲಿಷ್ ಉಚ್ಚಾರ 'ಥ್ಯಾಕರಿ' ಎಂಬುದಕ್ಕೆ ಹತ್ತಿರ. ಆದರೂ ಕನ್ನಡದ ಚರಿತ್ರೆಯ ಪುಸ್ತಕಗಳಲ್ಲಿ 'ಥ್ಯಾಕರೆ' ಎಂಬುದು ನೆಲೆಗೊಂಡಿರುವುದರಿಂದ ಅದನ್ನೇ ಉಳಿಸಿಕೊಳ್ಳಬಹುದು, ಕೊನೆಯ ಸ್ವರಕ್ಕಾಗಿ ಹಠ ಹಿಡಿಯಬೇಕಾಗಿಲ್ಲ. ಮೊದಲ ಅಕ್ಷರ 'ಥ'ಕಾರವಾಗಿರಬೇಕು ಎಂಬುದರಲ್ಲಿ ಮಾತ್ರ ರಿಯಾಯಿತಿ ಬೇಡ. ಹುಡುಗಿ ತನ್ನ ಹಾಳೆಯಲ್ಲಿ ಐದೂ ಕಡೆ ತಿದ್ದಿಕೊಂಡಳು.

ಎರಡು ಪ್ರಶ್ನೆಗಳನ್ನು ಬಲ್ಲವರ ಮುಂದೆ ಇಡುತ್ತೇನೆ. ಕಿತ್ತೂರು, ಬೈಲಹೊಂಗಲದ ಕಡೆಯ ಲಾವಣಿಕಾರರು ಮತ್ತು ಹಿರಿಯರು ಈ ಹೆಸರನ್ನು ಬಾಯಲ್ಲಿ ಹೇಗೆ ಹೇಳುತ್ತಾರೆ? ಮತ್ತು ಮುಳಿಹುಲ್ಲಿನ ಹೆಸರು ಹೊತ್ತ ಮನೆ ಅಥವಾ ಹಿತ್ತಿಲು ಯಾರದಾದರೂ ಊರಿನಲ್ಲಿ ನಿಜವಾಗಿಯೂ ಇದೆಯೇ?