ಒಂದೇ ಮೀನಿನ ಸಂಘ

ಸಂಕ್ರಾಂತಿಯ ಮರುವಾರ ನಾಣಿ ಶೇಷಣ್ಣನ ಜಗಲಿಗೆ ಬಂದಾಗ ಅವನ ಹೊಸ ಅಂಗಿಗೆ ಹದಿನಾಲ್ಕು ಜೇಬುಗಳಿದ್ದವು. ಒಂದರಲ್ಲಿಯೂ ಎರೆಹುಳು ಇರಲಿಲ್ಲ. ಕುಶಾಲನಗರದ ಗಾಳದ ಸಂಘಕ್ಕೆ ಆಗತಾನೆ ಸೇರಿದ್ದ ಅವನು ಮೊಬೈಲನ್ನು ನಮ್ಮೆಲ್ಲರ ಮೂಗಿನ ಮುಂದೆ ಹಿಡಿದು, ಎಂಟು ಕಿಲೋದ ಮಹಶೀರನ್ನು ಕಾವೇರಿಯಿಂದ ಎತ್ತಿ, ಎದೆಗೊತ್ತಿಕೊಂಡು, ಚಿತ್ರ ತೆಗೆಸಿಕೊಂಡು, ಮರಳಿ ನೀರಿಗೆ ಬಿಟ್ಟ ಪುಣ್ಯಕಥೆಯನ್ನು ಸವಿಸ್ತಾರವಾಗಿ ಹೇಳಿದ.

ಶೇಷಣ್ಣ ಕನ್ನಡಕ ಏರಿಸಿ ನೋಡಿದರು. “ಈ ಮೀನನ್ನು ನಾನು ಬಲ್ಲೆ. ಬೆನ್ನಿನ ರೆಕ್ಕೆ ಹರಿದಿದೆ, ನೋಡು. ದಸರೆಯಲ್ಲಿ ಇದು ಕಾರ್ಯದರ್ಶಿಗಳ ಮಡಿಲಿನಲ್ಲಿತ್ತು; ದೀಪಾವಳಿಗೆ ಪೂವಯ್ಯನ ತೋಳಿನಲ್ಲಿತ್ತು. ನಿಮ್ಮ ಸಂಘದ ಗೋಡೆಯ ಮೇಲಿರುವ ಚಿತ್ರಗಳಲ್ಲಿ ಸದಸ್ಯರು ಬದಲಾಗಿದ್ದಾರೆಯೇ ಹೊರತು ಮೀನು ಬದಲಾಗಿಲ್ಲ.”

“ಹಿಡಿದು ಬಿಡುವುದೇ ಇಂದಿನ ಧರ್ಮ, ಶೇಷಣ್ಣ. ನಾವು ಮೀನನ್ನು ಕೊಲ್ಲುವುದಿಲ್ಲ.”

“ಕೊಲ್ಲುವುದಿಲ್ಲ, ಸರಿ. ಚಿತ್ರ ಚೆನ್ನಾಗಿ ಬರುವವರೆಗೆ ಅದು ಉಸಿರು ಬಿಗಿಹಿಡಿದಿರಬೇಕು, ಅಷ್ಟೇ. ಅಷ್ಟೇ ಹೊತ್ತು ನಿನ್ನನ್ನು ನೀರಿನಲ್ಲಿ ಮುಳುಗಿಸಿ ನಾವೂ ಒಂದು ಚಿತ್ರ ತೆಗೆದು ಬಿಟ್ಟುಬಿಡೋಣವೇ?”

ನಾಣಿ ಮಾತು ಬದಲಿಸಿ, ಜಪಾನಿನಿಂದ ತರಿಸಿದ ಹಿತ್ತಾಳೆಯ ಹುಸಿಮೀನನ್ನು ಜೇಬಿನಿಂದ ತೆಗೆದು ತೋರಿಸಿದ. ಅದಕ್ಕೆ ಮೀನು ಬಿದ್ದಿತೇ ಎಂದು ಮೇಷ್ಟ್ರು ಕೇಳಿದರು. ಬೀಳಲಿಲ್ಲವಂತೆ, ಕೊನೆಗೆ ದಡದಲ್ಲಿದ್ದ ಬೆಸ್ತರ ಹುಡುಗ ಕೊಟ್ಟ ರಾಗಿ ಮುದ್ದೆಯ ಉಂಡೆಗೇ ಬಿದ್ದಿತಂತೆ.

“ಆದರೂ ಇದು ಕಾವೇರಿಯ ಮೂಲ ಮಹಶೀರ್ ಅಲ್ಲ,” ಎಂದು ಮೇಷ್ಟ್ರು ಪಾಠಕ್ಕೆ ಕುಳಿತರು. “ಮೂಲದ್ದಕ್ಕೆ ಬೆನ್ನಿನ ಮೇಲೆ ಗೂನು, ಬಾಲಕ್ಕೆ ಕಿತ್ತಳೆ ಬಣ್ಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಈ ನೀಲಿ ರೆಕ್ಕೆಯದನ್ನಾದರೋ 1970ರ ದಶಕದಿಂದೀಚೆಗೆ ಲೋನಾವಳದಲ್ಲಿ ಮರಿ ಮಾಡಿಸಿ ನಮ್ಮ ನದಿಗೆ ಬಿಟ್ಟರು. ಗೂನುಬೆನ್ನಿನದು ಯಾವ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು.”

“ನಾಮಕರಣಕ್ಕೂ ವೈಕುಂಠ ಸಮಾರಾಧನೆಗೂ ಒಂದೇ ಆಮಂತ್ರಣ ಪತ್ರಿಕೆ,” ಎಂದರು ಶೇಷಣ್ಣ. “ಹೋಗಲಿ, ಮಹಾರಾಷ್ಟ್ರದಿಂದ ಬಂದದ್ದಾದರೂ ಮುದ್ದೆ ತಿನ್ನುವುದನ್ನು ಕಲಿತಿದೆಯಲ್ಲ. ಸಂಘಕ್ಕೆ ತಪ್ಪದೆ ಹಾಜರಾಗುವ ಏಕೈಕ ಸದಸ್ಯನೂ ಅದೇ. ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷಗಿರಿಯನ್ನು ಅದಕ್ಕೇ ಕೊಟ್ಟುಬಿಡಿ.”

ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂದಿತು. ಪೂವಯ್ಯ ಲೋಟವನ್ನು ಮೂಗಿಗೆ ಹಿಡಿದು, ಈ ವರ್ಷದ ಅರೇಬಿಕಾ ಬಹಳ ಚೆನ್ನಾಗಿದೆ ಎಂದು ತನ್ನ ತೋಟವನ್ನು ತಾನೇ ಹೊಗಳಿಕೊಂಡ.

“ಮೀನಿಗೂ ಅದರ ರುಚಿ ಗೊತ್ತಿದೆ,” ಎಂದರು ಶೇಷಣ್ಣ. “ಹಣ್ಣು ಸುಲಿದ ಪಲ್ಪರ್ ನೀರನ್ನು ತೋಡಿಗೆ ಬಿಟ್ಟರೆ ಅದು ಅಲ್ಲಿಯೇ ಹುಳಿತು, ನೀರಿನ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ. ಅದೂ ಹೊಳೆ ಬಡವಾಗಿರುವ ಈ ಚಳಿಗಾಲದಲ್ಲಿಯೇ. ನಮಗೆ ಹಾಲು ಸಕ್ಕರೆ ಹಾಕಿದ್ದು, ಮೀನಿಗೆ ಬರೀ ಡಿಕಾಕ್ಷನ್.”

“ನಾನು ಗುಂಡಿ ತೋಡಿಸಿದ್ದೇನೆ,” ಎಂದ ಪೂವಯ್ಯ. ಅದು ತುಂಬಿದರೆ ಎಲ್ಲಿಗೆ ಹರಿಯುತ್ತದೆ ಎಂದು ಮಾತ್ರ ಹೇಳಲಿಲ್ಲ. ನಾಣಿ ಮರಳು ತೆಗೆಯುವವರನ್ನು ಬೈದ; ಮೇಷ್ಟ್ರು ತೋಟೆ ಸಿಡಿಸಿ ಮೀನು ಹಿಡಿಯುವವರನ್ನು ಬೈದರು; ನನಗೆ ಬೈಯಲು ಯಾರೂ ಉಳಿಯಲಿಲ್ಲವಾದ್ದರಿಂದ ಚಕ್ಕುಲಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಚಿಕ್ಕಂದಿನಲ್ಲಿ ರಾಮನಾಥಪುರದ ಸೋಪಾನದ ಮೇಲೆ ಕುಳಿತು ಕಡ್ಲೆಪುರಿ ಚೆಲ್ಲುತ್ತಿದ್ದೆ,” ಎಂದು ಶೇಷಣ್ಣ ಸ್ವಲ್ಪ ಹೊತ್ತಿನ ಮೇಲೆ ಹೇಳಿದರು. “ದೇವರ ಮೀನುಗಳೆಂದು ಅಲ್ಲಿ ಯಾರೂ ಗಾಳ ಹಾಕುತ್ತಿರಲಿಲ್ಲ. ಎಷ್ಟು ಮೀನುಗಳೆಂದರೆ, ಪುರಿ ನೀರಿಗೆ ತಾಗುವ ಮೊದಲೇ ಬಾಯಿಗಳು ತಾಗುತ್ತಿದ್ದವು. ಒಂದರ ಗುರುತೂ ನನಗೆ ಸಿಕ್ಕಿದ್ದಿಲ್ಲ. ಈಗ ಒಂದು ಮೀನನ್ನು ರೆಕ್ಕೆಯಿಂದ ಗುರುತಿಸುತ್ತೇನೆ ನೋಡು, ಅದಕ್ಕೇ ಹೆದರಿಕೆ.”

ಯಾರೂ ಮಾತನಾಡಲಿಲ್ಲ. ಮೇಷ್ಟ್ರು ಕೆಮ್ಮಿ, ಕಾವೇರಿ ದಡದ ಗಾಲಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ತಾವು ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರೆಂದೂ, ಗೂನುಬೆನ್ನಿನದು ಕ್ಷೀಣಿಸಿ ನೀಲಿ ರೆಕ್ಕೆಯದು ಹೆಚ್ಚಿದ್ದು ಆ ಲೆಕ್ಕದಿಂದಲೇ ಲೋಕಕ್ಕೆ ತಿಳಿಯಿತೆಂದೂ ಹೇಳಿದರು.

“ಅಂದರೆ ಗಾಳಗಾರರಿಂದಲೂ ಉಪಯೋಗವಿದೆ,” ಎಂದು ನಾಣಿ ಗೆಲುವಾದ.

“ಬರೆಯುವ ಗಾಳಗಾರರಿಂದ ಇದೆ. ಆ ಹದಿನಾಲ್ಕು ಜೇಬುಗಳಲ್ಲಿ ಒಂದರಲ್ಲಾದರೂ ಪುಸ್ತಕವಿದೆಯೇ?”

ಇರಲಿಲ್ಲ. ಶೇಷಣ್ಣ ಹಾಲಿನ ಲೆಕ್ಕದ ಪುಸ್ತಕವನ್ನೇ ತಿರುವಿ ಕೊಟ್ಟು, ದಿನಾಂಕ, ನೀರಿನ ಬಣ್ಣ, ನೀರಿನ ಆಳ, ಮೀನು ಎಂದು ಗೆರೆ ಹಾಕಿಸಿದರು. ನಾಣಿ ಮೊದಲ ಮೂರನ್ನು ಚುರುಕಾಗಿ ತುಂಬಿಸಿ ನಾಲ್ಕನೆಯದಕ್ಕೆ ಬಂದಾಗ ನಿಂತ.

“ಈ ಚಿತ್ರ ಮೂರು ವಾರಗಳ ಹಿಂದಿನದು, ಶೇಷಣ್ಣ. ಆಮೇಲೆ ಯಾರ ಗಾಳಕ್ಕೂ ಏನೂ ಬಿದ್ದಿಲ್ಲ. ಇಲ್ಲಿ ಏನೆಂದು ಬರೆಯಲಿ?”

“ಅಧ್ಯಕ್ಷರು ಗೈರುಹಾಜರು ಎಂದು ಬರೆ,” ಎಂದರು ಶೇಷಣ್ಣ.